ಬಲ್ಬಿಗಾಗಿ ಹೂಡಿದ ಒಲೆ

ನಮ್ಮ ಮನೆ ಒಡೆದದ್ದು ಆಸ್ತಿಗಲ್ಲ. ಆಸ್ತಿ ಎಲ್ಲಿತ್ತು, ಮಣ್ಣಂಗಟ್ಟಿ! ಸರ್ಕಾರ ಬಡವರ ಮನೆಗೆಂದು ಪುಕ್ಕಟೆ ಕೊಟ್ಟ ಒಂದು ಬಲ್ಬಿಗೆ ಒಡೆಯಿತು. ಹೀಗೆಂದರೆ ನನ್ನ ಸೊಸೆ ನಗುತ್ತಾಳೆ, "ಅತ್ತೆ, ನೀವು ಚೆನ್ನಾಗಿ ಕಥೆ ಕಟ್ತೀರಿ" ಅನ್ನುತ್ತಾಳೆ. ನಗಲಿ ಬಿಡಿ. ಅವಳ ಅಡುಗೆಮನೆಯ ಗೋಡೆಯಲ್ಲಿ ಸ್ವಿಚ್ಚುಗಳ ಸಾಲೇ ಇದೆ. ಯಾವುದು ಯಾವುದರದ್ದೆಂದು ಅವಳಿಗೇ ನೆನಪಿರುವುದಿಲ್ಲ, ಎಲ್ಲವನ್ನೂ ಒತ್ತಿ ನೋಡುತ್ತಾಳೆ. ಅಂಥವಳಿಗೆ ನಾನು ಏನೆಂದು ಹೇಳಲಿ? ಇಂದಿಗೂ ಕರೆಂಟು ಹೋದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಎರಡು ಒಲೆ, ನಡುವೆ ಮುಚ್ಚಿದ ಒಂದು ಬಾಗಿಲು, ಆ ಬಾಗಿಲಿನ ಆಚೆಗೊಬ್ಬಳು ಈಚೆಗೊಬ್ಬಳು ಕೂತ ನನ್ನ ಇಬ್ಬರು ತಾಯಂದಿರು. ನಾನು ಯಾರ ಕಡೆ ಕೂತು ಉಣ್ಣಬೇಕೆಂಬುದು ಆ ವಯಸ್ಸಿನಲ್ಲಿ ನನ್ನ ಜೀವನ್ಮರಣದ ಪ್ರಶ್ನೆಯಾಗಿತ್ತು.

ಚನ್ನಗಿರಿಯಿಂದ ಉಬ್ರಾಣಿ ಕಡೆಗೆ ಹೋಗುವ ದಾರಿಯಲ್ಲಿ, ಊರು ಮುಗಿದ ಮೇಲೆ ಒಂದಿಷ್ಟು ಬಯಲು ಬಿಟ್ಟು ನಿಂತ ಕೇರಿ ನಮ್ಮದು. ಮನೆ ಉದ್ದಕ್ಕೆ ಒಂದರ ಹಿಂದೆ ಒಂದು: ಮುಂದೆ ಪಡಸಾಲೆ, ಅದರ ಹಿಂದೆ ಒಲೆಯಿದ್ದ ನಡುಮನೆ, ಕೊನೆಗೆ ಕಿಟಕಿಯೇ ಇಲ್ಲದ ಹಿಂದಿನ ಕೋಣೆ. ಆ ಕೋಣೆಗೆ ಹಿತ್ತಲ ಓಣಿಗೆ ತೆರೆಯುವ ಕುಳ್ಳ ಬಾಗಿಲೊಂದಿತ್ತು. ಬಗ್ಗದೆ ಹೋದವರಿಗೆ ಹಣೆ ಬಡಿಯುತ್ತಿತ್ತು. ಈ ಮನೆಯಲ್ಲಿ ಅಜ್ಜಿ, ಅವಳ ಇಬ್ಬರು ಗಂಡುಮಕ್ಕಳು, ಅವರ ಹೆಂಡಿರು, ನಾನು, ನನ್ನ ತಮ್ಮ ಹಾಲೇಶ. ಹಿರಿಯ ಮಗ ದೊಡ್ಡಪ್ಪನಿಗೆ ಗೂರಲು; ಒಂದು ಮಾತಾಡಿ ಒಂದು ಉಸಿರು ಹುಡುಕುತ್ತಿದ್ದ. ಅವನ ಹೆಂಡತಿ ಹನುಮಕ್ಕ, ನನ್ನ ದೊಡ್ಡವ್ವ, ಜಗಳೂರು ಕಡೆಯವಳು. ಅಲ್ಲಿಯ ಬಿಸಿಲಲ್ಲಿ ಬೆಳೆದ ಗಟ್ಟಿ ದನಿ. ಅವಳು ಗುಟ್ಟು ಹೇಳಿದರೂ ಓಣಿಯ ಆ ತುದಿಗೆ ಕೇಳುತ್ತಿತ್ತು. ನನ್ನ ಅವ್ವ ನಾಗಮ್ಮ ಹೊನ್ನಾಳಿಯ ಹೊಳೆದಂಡೆಯವಳು. ಮಾತು ಕಡಿಮೆ, ಸಿಟ್ಟು ಬಂದರೆ ಒಳಗೇ ಇಟ್ಟುಕೊಳ್ಳುವವಳು. ಅಪ್ಪ ಯಾರಿಗೂ ಎದುರಾಡದ ಮನುಷ್ಯ, ಅವನ ಬಗ್ಗೆ ಅಷ್ಟು ಹೇಳಿದರೆ ಸಾಕು. ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ಹಾಲೇಶ ಅವ್ವನ ಹೊಟ್ಟೆಯಲ್ಲಿದ್ದಾಗ ನನ್ನನ್ನು ದೊಡ್ಡವ್ವನ ಮಗ್ಗುಲಿಗೆ ಹಾಕಿದರಂತೆ. ನಾನು ಅಲ್ಲಿಂದ ವಾಪಸು ಬರಲೇ ಇಲ್ಲ. ತಲೆ ಬಾಚಲು ಅವಳೇ, ಜ್ವರ ಬಂದರೆ ಅವಳೇ, ಬೈದರೂ ಅವಳೇ. ಎಲ್ಲರ ಊಟವಾದ ಮೇಲೆ ಅವ್ವ, ದೊಡ್ಡವ್ವ ಇಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು. ಉಳಿದ ಅರ್ಧ ಮುದ್ದೆಯನ್ನು ಅವಳು ಇವಳ ಕಡೆ ತಳ್ಳುವುದು, ಇವಳು ಅವಳ ಕಡೆ ತಳ್ಳುವುದು. ಆ ತಳ್ಳಾಟದಲ್ಲಿ ಕೊನೆಯ ತುತ್ತು ಹೆಚ್ಚಾಗಿ ನನ್ನ ಬಾಯಿಗೆ ಬೀಳುತ್ತಿತ್ತು, ಅದಕ್ಕಾಗಿಯೇ ನಾನು ನಿದ್ದೆ ತಡೆದು ಕೂತಿರುತ್ತಿದ್ದೆ.

ಹಗಲು ಎಲ್ಲರೂ ಕಂಡವರ ಹೊಲಕ್ಕೆ ಕೂಲಿಗೆ. ಸಂಜೆಗೆ ಮನೆಯಲ್ಲಿ ಮುತ್ತುಗದ ಊಟದೆಲೆ ಹಚ್ಚುವ ಕೆಲಸ. ಕಾಡಂಚಿನಿಂದ ಎಲೆ ಕಿತ್ತು ತಂದು, ಬಾಡಿಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಸಣ್ಣ ಕಡ್ಡಿ ಚುಚ್ಚಿ ಚುಚ್ಚಿ ದುಂಡಗೆ ಹೊಲಿಯಬೇಕು. ಎಲೆ ಆರಿಸುವುದು, ಅಳತೆಗೆ ಜೋಡಿಸುವುದು ದೊಡ್ಡವ್ವ. ಕಡ್ಡಿ ಚುಚ್ಚುವುದು ಅವ್ವ. ಅವ್ವನ ಬೆರಳು ಓಡುವುದು ಕಣ್ಣಿಗೆ ಸಿಗುತ್ತಿರಲಿಲ್ಲ. ಮದುವೆ ಕಾಲದಲ್ಲಿ ಚನ್ನಗಿರಿಯ ಅಂಗಡಿಯವರು ಕಟ್ಟುಗಟ್ಟಲೆ ಕೊಳ್ಳುತ್ತಿದ್ದರು, ಕೂಲಿ ಇಲ್ಲದ ತಿಂಗಳು ನಮ್ಮ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ. ಒಣಗಿದ ಎಲೆಯನ್ನು ಹೊರಗಿಟ್ಟರೆ ಇಬ್ಬನಿ, ಮೇಕೆ. ಪಡಸಾಲೆಯಲ್ಲಿಟ್ಟರೆ ಅದರ ಧೂಳಿಗೆ ದೊಡ್ಡಪ್ಪನ ಗೂರಲು ಕೆರಳುತ್ತಿತ್ತು. ಹಾಗಾಗಿ ಹಿಂದಿನ ಕೋಣೆಯೇ ಎಲೆಯ ಕೋಣೆ. ಅಲ್ಲಿ ಕತ್ತಲು, ಸೀಮೆಎಣ್ಣೆಯ ಬುಡ್ಡಿ ಹಚ್ಚಿಕೊಂಡೇ ಕೂರಬೇಕು. ಒಣ ಎಲೆ, ತೆರೆದ ಉರಿ. ಈಗ ಬರೆಯುವಾಗ ಮೈ ಜುಂ ಅನ್ನುತ್ತದೆ, ಆಗ ಯಾರಿಗೂ ಅನ್ನಿಸಿರಲಿಲ್ಲ, ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಒಂದು ಸಂಜೆ ಅವ್ವ ನೀರಿಗೆ ಹೋಗಿದ್ದಳು. ದೊಡ್ಡವ್ವ ಬುಡ್ಡಿ ಹಚ್ಚಿ ಹಿಂದಿನ ಕೋಣೆಯ ಒರಳಿನ ಮೇಲಿಟ್ಟು, ನಡುಮನೆಯಲ್ಲಿ ಎಸರು ಉಕ್ಕುತ್ತಿದೆಯೆಂದು ಇತ್ತ ಬಂದಳು. ಬಂದದ್ದು ಅಷ್ಟೇ, ಮುದ್ದೆ ತಿರುವುವಷ್ಟು ಹೊತ್ತು. ಹಾಲೇಶ ಆಗತಾನೇ ನಡೆಯಲು ಕಲಿತ ಕೂಸು, ಬೆಳಕು ಕಂಡು ಆ ಕಡೆ ಹೋಗಿದ್ದಾನೆ. ನಾನು ಪಡಸಾಲೆಯಲ್ಲಿ ಅಜ್ಜಿಯ ಹತ್ತಿರ ಇದ್ದೆ. ಕೇಳಿದ್ದು ದೊಡ್ಡವ್ವನ ಕೂಗು, ಕಂಡದ್ದು ಹಿಂದಿನ ಬಾಗಿಲ ತುಂಬ ಕೆಂಪು. ಅವಳು ಬರಿಗೈಯಲ್ಲಿ ಉರಿಯುವ ಎಲೆಯ ರಾಶಿಯಿಂದ ಅವನನ್ನು ಎಳೆದುಕೊಂಡು, ಬರಿಗೈಯಲ್ಲೇ ಅವನ ಮೈಮೇಲಿನ ಬೆಂಕಿ ಬಡಿದಳು. ಗಾಡಿ ಕಟ್ಟಿ ಚನ್ನಗಿರಿಯ ಆಸ್ಪತ್ರೆಗೆ ಒಯ್ದರು. ಹೋಗುವಾಗ ಅಳುತ್ತಿದ್ದ ಕೂಸು ಬರುವಾಗ ಅಪ್ಪನ ಹೆಗಲ ಮೇಲಿನ ಬಟ್ಟೆಯಲ್ಲಿ ಸುಮ್ಮನಿತ್ತು. ದೊಡ್ಡವ್ವನ ಎರಡೂ ಅಂಗೈ ಬೆಂದು, ಗಾಯ ಮಾಯ್ದ ಮೇಲೆ ಚರ್ಮ ಬಿಗಿದು, ಬೆರಳು ಪೂರ್ತಿ ಬಿಚ್ಚದ ಹಾಗಾದವು. ಆ ಕೈಯಿಂದ ಅವಳು ನನ್ನ ತಲೆ ಬಾಚುವುದನ್ನು ಮಾತ್ರ ಬಿಡಲಿಲ್ಲ. ಹಣಿಗೆ ಜಾರಿ ಬೀಳುತ್ತಿತ್ತು, ಎತ್ತಿಕೊಂಡು ಮತ್ತೆ ಬಾಚುತ್ತಿದ್ದಳು.

ದೊಡ್ಡವ್ವನನ್ನು ಯಾರೂ ಏನೂ ಅನ್ನಲಿಲ್ಲ. ಅವ್ವನೂ ಅನ್ನಲಿಲ್ಲ. ಅವತ್ತೇ ಅಂದುಬಿಟ್ಟಿದ್ದರೆ ಒಳ್ಳೆಯದಿತ್ತೋ ಏನೋ! ಒಂದು ಸಲ ಕೂದಲು ಹಿಡಿದು ಎಳೆದಾಡಿ, ಇಬ್ಬರೂ ತಬ್ಬಿಕೊಂಡು ಅತ್ತು ಮುಗಿಸಿದ್ದರೆ! ಅವ್ವ ಮಾಡಿದ್ದು ಒಂದೇ. ಬುಡ್ಡಿ ಹಚ್ಚಿದ ಕೂಡಲೇ ಎದ್ದು ಹೋಗುವುದು. ಒಲೆಯ ಬೆಂಕಿಗೆ ಅವಳು ಹೆದರುತ್ತಿರಲಿಲ್ಲ, ಅದು ಮೂರು ಕಲ್ಲಿನ ನಡುವೆ ಕಟ್ಟಿ ಹಾಕಿದ ಬೆಂಕಿ. ಆದರೆ ಬುಡ್ಡಿಯ ತುದಿಯಲ್ಲಿ ಆಡುವ ಆ ಬೆರಳುದ್ದದ ಉರಿಯನ್ನು ಕಂಡರೆ ಅವಳು ಕೈಯಲ್ಲಿದ್ದ ಎಲೆಯನ್ನೂ ಬಿಟ್ಟು, ಹಿತ್ತಲ ಓಣಿಯ ಕಲ್ಲಿನ ಮೇಲೆ ಹೋಗಿ ಕೂತುಬಿಡುವಳು. ಚಳಿಯಾಗಲಿ, ಸೋನೆಯಾಗಲಿ, ಅಲ್ಲೇ. ದೇವರ ದೀಪವನ್ನೂ ಅಜ್ಜಿಯೋ ದೊಡ್ಡವ್ವನೋ ಹಚ್ಚಬೇಕು. ಹೊತ್ತು ಮುಳುಗಿದ ಮೇಲೆ ಎಲೆ ಹಚ್ಚುವ ಕೈ ಇಲ್ಲದೆ ಹೋಯಿತು. ದೊಡ್ಡವ್ವನ ಬೆರಳಿಗೆ ಕಡ್ಡಿ ನಿಲ್ಲುತ್ತಿರಲಿಲ್ಲ. ಅಂಗಡಿಯವರು ಬೇರೆಯವರನ್ನು ಹಿಡಿದರು. ಬೆಳಿಗ್ಗೆ ಮುದ್ದೆ ಇದ್ದರೆ ಸಂಜೆಗೆ ಬರೀ ಗಂಜಿ ಎನ್ನುವ ಸ್ಥಿತಿಗೆ ಬಂದೆವು, ಆ ಗಂಜಿಯನ್ನೂ ಅವ್ವ ಕತ್ತಲಲ್ಲಿ ಕಲ್ಲಿನ ಮೇಲೆ ಕೂತು ಕುಡಿಯುತ್ತಿದ್ದಳು.

ಹೀಗಿರುವಾಗ ಕೇರಿಗೆ ಕಂಬ ಬಂತು. ಬಡವರ ಮನೆಗೆ ಸರ್ಕಾರ ಪುಕ್ಕಟೆ ದೀಪ ಕೊಡುತ್ತದೆಂದು ಸುದ್ದಿ. ಅವ್ವ ಅಷ್ಟು ದಿನಗಳಲ್ಲಿ ಮೊದಲ ಸಲ ತಾನಾಗಿ ಬಾಯಿ ಬಿಟ್ಟು ಕೇಳಿದಳು:

"ಅಕ್ಕ, ಅದು ಉರಿ ಇಲ್ದೇ ಬೆಳಕು ಕೊಡ್ತೈತಂತೆ, ನಿಜಾನಾ?"

"ನಿಜ ಕಣೇ ನಾಗಿ. ಗಾಜಿನ ಬುರುಡೆ. ಸೀರೆ ಸೆರಗು ತಾಗಿದ್ರೂ ಏನಾಗಲ್ಲ. ನಿನ್ನ ಎಲೆ ಕೋಣೆಗೇ ಹಾಕ್ಸಾನ ತಗಾ."

ಆದರೆ ಕಂಬ ಇದ್ದದ್ದು ಮನೆಯ ಮುಂದೆ. ಲೈನ್‌ಮನ್ ತಂದ ವೈರು ಪಡಸಾಲೆಯ ಬಾಗಿಲು ದಾಟಿ ಒಂದಿಷ್ಟಕ್ಕೇ ಮುಗಿಯಿತು. ಅಜ್ಜಿ ದೇವರ ಗೂಡಿನ ಮೇಲೆ ಹಾಕು ಎಂದಳು, ದೊಡ್ಡವ್ವ ಹಿಂದಿನ ಕೋಣೆಗೆ ಹಾಕು ಎಂದು ಅವನ ಏಣಿಯನ್ನೇ ಹಿಡಿದು ನಿಂತಳು. ಅವನು ಬೆವರು ಒರೆಸಿಕೊಂಡು ಬೇಸರದಿಂದಲೇ ಹೇಳಿದ:

"ಯವ್ವಾ, ಒಂದು ಮನೆಗೆ ಒಂದೇ ಬಲ್ಬು. ಎರಡನೇದು ಇಲ್ಲ, ಉದ್ದ ವೈರೂ ಇಲ್ಲ. ಇಲ್ಲೇ ಹಾಕಾದು, ಬ್ಯಾಡಾಂದ್ರೆ ಕಿತ್ಕಂಡು ಹೋಗ್ತೀನಿ."

ಬಲ್ಬು ಪಡಸಾಲೆಯಲ್ಲಿ ಉಳಿಯಿತು. ಅದರ ಕೆಳಗೆ ದೊಡ್ಡಪ್ಪ ಗೂರುತ್ತ ಕೂರುತ್ತಿದ್ದ, ಓಣಿಯ ಗಂಡಸರು ಬಂದು ಬಲ್ಬನ್ನು ನೋಡುತ್ತ ಬೀಡಿ ಸೇದುತ್ತಿದ್ದರು. ಆ ಗಂಡಸರ ನಡುವೆ ಧೂಳಿನ ಎಲೆ ಹರವಿಕೊಂಡು ಅವ್ವ ಅಲ್ಲಿ ಕೂರುವಂತಿರಲಿಲ್ಲ. ನಡುಮನೆಯ ಗೋಡೆ ಮಾಡಿನವರೆಗೂ ಇದ್ದದ್ದರಿಂದ ಬೆಳಕು ಒಳಗೆ ಬರಲಿಲ್ಲ. ಹಿಂದೆ ಬುಡ್ಡಿಯೇ ಗತಿ. ಅವ್ವ ಮತ್ತೆ ಕಲ್ಲಿನ ಮೇಲೆ. ಮೊದಲು ಅವಳಿಗೆ ಆಸೆಯಾದರೂ ಇರಲಿಲ್ಲ, ಈಗ ಆಸೆ ಹುಟ್ಟಿ ಸತ್ತಿತ್ತು. ಉಣ್ಣುವುದನ್ನೇ ಬಿಟ್ಟಳು. ಬೆಳಗಿನ ಮುದ್ದೆಗೂ ಆ ಒಂದೇ ಗಂಗಾಳದಲ್ಲಿ ದೊಡ್ಡವ್ವ ಒಬ್ಬಳೇ ಕೈಯಿಟ್ಟುಕೊಂಡು ಕೂತಿರುತ್ತಿದ್ದಳು.

ಉಪಾಯ ತಂದವಳು ದೊಡ್ಡವ್ವ. ಪಂಚಾಯ್ತಿ ಚೇರ್ಮನ್ನರ ಹೊಲದಲ್ಲಿ ಕಳೆ ತೆಗೆಯುವಾಗ ಅವರನ್ನೇ ಅಡ್ಡಗಟ್ಟಿ ಕೇಳಿದ್ದಳಂತೆ, ಒಂದು ಮನೆ ಅಂದ್ರೆ ಯಾವ್ದು ಸ್ವಾಮಿ, ಒಂದು ಬಾಗಿಲೋ ಒಂದು ಮಾಡೋ ಎಂದು. ಒಲೆ ಲೆಕ್ಕ, ಒಂದು ಒಲೆ ಉರಿದರೆ ಒಂದು ಮನೆ ಎಂದು ಅವರು ಹೇಳಿದರಂತೆ. ದೊಡ್ಡವ್ವ ಹಾರಿಕೊಂಡು ಬಂದಳು. ಹಿಂದಿನ ಕೋಣೆಯಲ್ಲಿ ಇನ್ನೊಂದು ಒಲೆ ಹೂಡೋಣ, ನಡುವಿನ ಬಾಗಿಲಿಗೆ ರಾಗಿಯ ಗುಡಾಣ ಅಡ್ಡ ಇಡೋಣ, ಹಿತ್ತಲ ಓಣಿಯ ಕುಳ್ಳ ಬಾಗಿಲೇ ತಲಬಾಗಿಲು ಅನ್ನೋಣ. ಕರೆಂಟಿನ ಸಾಹೇಬರು ಬಂದು ನೋಡಿ ಬಲ್ಬು ಕೊಟ್ಟು ಹೋದ ಮೇಲೆ ಒಲೆ ಕಿತ್ತು ಬಿಸಾಕಿ, ಗುಡಾಣ ಸರಿಸಿ, ಮೊದಲಿನ ಹಾಗೆ ಇರೋಣ. ಅಪ್ಪ ತಲೆ ಕೆರೆದುಕೊಂಡ. ದೊಡ್ಡಪ್ಪ ಆಯ್ತು ಎಂದ. ಒಪ್ಪದವಳು ಅಜ್ಜಿ.

"ಒಲೆ ಹೂಡಾದು ಅಂದ್ರೆ ಆಟ ಅನ್ಕಂಡೀರಾ? ಅಣ್ತಮ್ಮ ಒಲೆ ಬ್ಯಾರೆ ಮಾಡಿದ್ರೆ ಮನೆ ಒಡೀತು ಅಂತ್ಲೇ ಲೆಕ್ಕ. ನಾನು ಸತ್ತ ಮ್ಯಾಲೆ ಮಾಡ್ಕಳ್ರಿ."

"ಅತ್ತೆ, ನಾಗಿ ಉಣ್ಣಾದು ಬಿಟ್ಟು ಎಷ್ಟು ದಿನ ಆತು, ನೋಡ್ರಿ ಒಂದೀಟು. ನೀವು ಸಾಯಾಗಂಟ ಅವ್ಳು ಇರ್ತಾಳಾ?"

ಅಜ್ಜಿ ಅವ್ವನ ಕಡೆ ನೋಡಿದಳು. ಅವ್ವನ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಅಜ್ಜಿ ಬಗ್ಗಿದಳು, ಆದರೆ ಒಂದು ಹಟ ಹಿಡಿದಳು. ಸುಳ್ಳಿಗೇ ಆಗಲಿ, ಒಲೆ ಹೂಡಿದ ಮೇಲೆ ಶಾಸ್ತ್ರ ಆಗಬೇಕು. ಪೂಜೆಯಿಲ್ಲದ ಒಲೆ ಉರಿದರೆ ಇರುವ ಒಬ್ಬ ಕೂಸಿಗೂ ಕೇಡು ಎಂದು ನನ್ನನ್ನು ತೋರಿಸಿದಳು. ಅದಕ್ಕೆ ಯಾರು ಎದುರಾಡುತ್ತಾರೆ? ದೊಡ್ಡವ್ವ ಊರೊಳಗಿನಿಂದ ಕಾಡಿ ಬೇಡಿ ಒಂದು ಲೋಟ ಹಾಲು ತಂದಳು. ಮೂರು ಕಲ್ಲಿಗೆ ಮಣ್ಣು ಮೆತ್ತಿ, ಸುಣ್ಣ ಬಳಿದು, ಅರಿಶಿನ ಕುಂಕುಮ ಇಟ್ಟು, ಇಬ್ಬರೂ ಮೊಣಕಾಲೂರಿ ಊದಿ ಹಾಲುಕ್ಕಿಸಿದರು. ಹೊಗೆಗೆ ಇಬ್ಬರ ಮೂಗಲ್ಲೂ ನೀರು. ಹಾಲು ಉಕ್ಕಿ ಸುಯ್ಯೆಂದಾಗ ದೊಡ್ಡವ್ವ, "ಏನೇ ನಾಗವ್ವಾ, ಬ್ಯಾರೆ ಮನೆ ಒಡತಿ ಆಗ್ಬಿಟ್ಟೆ, ನಮ್ಮನ್ನೂ ಒಂದಿನ ಉಣ್ಣಾಕೆ ಕರಿಯೇ" ಎಂದು ಕಿಚಾಯಿಸಿದಳು. ಅವ್ವ ನಕ್ಕಳು. ಹಾಲೇಶ ಹೋದ ಮೇಲೆ ಅವಳ ಹಲ್ಲು ನೋಡಿದ್ದು ನಾನು ಅಂದೇ. ಅವರಿಬ್ಬರೂ ಕೂಡಿ ನಕ್ಕದ್ದನ್ನು ಮತ್ತೆ ನೋಡಲಿಲ್ಲ.

ಸಾಹೇಬರು ಲೈನ್‌ಮನ್‌ನನ್ನು ಕರೆದುಕೊಂಡು ಒಂದು ಮಧ್ಯಾಹ್ನ ಬಂದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಇಂಥ ಸುಳ್ಳು ಒಲೆಗಳನ್ನು ಬೇಕಾದಷ್ಟು ಕಂಡಿದ್ದರೆಂದು ಕಾಣುತ್ತದೆ. ಬೂದಿಗೆ ಕೈಹಾಕಿ ಬೆಚ್ಚಗಿದೆಯೇ ನೋಡಿದರು, ಗುಡಾಣವನ್ನು ಬೆರಳಲ್ಲಿ ಬಡಿದರು, ಗೋಡೆಗೆ ಮಸಿ ಹಿಡಿದಿದೆಯೇ ಎಂದು ತಲೆಯೆತ್ತಿದರು. ಮಸಿ ಹಿಡಿದಿರಲಿಲ್ಲ. ಹೊಸ ಸುಣ್ಣ ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮ ಅಜ್ಜಿಯ ಶಾಸ್ತ್ರವೇ ನಮಗೆ ಮುಳುವಾಯಿತು.

"ಯಾವಾಗ ಬೇರೆ ಆದ್ರಿ?"

ಅಪ್ಪ ನೆಲ ನೋಡಿದ. ಅವ್ವ ಸೆರಗಿನ ತುದಿ ಹಿಂಡುತ್ತಿದ್ದಳು. ಸುಳ್ಳು ಹೇಳುವುದನ್ನು ಯಾರೂ ಅಭ್ಯಾಸ ಮಾಡಿಕೊಂಡಿರಲಿಲ್ಲ.

"ಹೋದ ವರ್ಷ ಸ್ವಾಮಿ," ಎಂದಳು ದೊಡ್ಡವ್ವ.

"ಯಾಕೆ? ಆಸ್ತಿಗೆ ಜಗಳವೇನು? ಒಂದು ಬಲ್ಬಿಗೆ ನಾಟಕ ಆಡಬೇಡ್ರಿ. ನಿಮ್ಮನ್ನ ನೋಡಿದ್ರೆ ಬೇರೆ ಆದೋರ ಹಾಗೆ ಕಾಣಲ್ಲ."

ಅವರು ತಿರುಗಿ ಹೊರಟೇಬಿಟ್ಟಿದ್ದರು. ಕುಳ್ಳ ಬಾಗಿಲಿಗೆ ಬಗ್ಗಿದ್ದರು. ಅವ್ವನ ಮುಖದಲ್ಲಿ ಇದ್ದ ಬಣ್ಣವೆಲ್ಲ ಇಳಿದುಹೋಯಿತು. ಆಗ ದೊಡ್ಡವ್ವ ತನ್ನ ಎರಡೂ ಅಂಗೈ ಅವರ ಮುಂದೆ ಹಿಡಿದಳು.

"ಇವಳ ಕೂಸು ನನ್ನ ಕೈಯಾಗೆ ಸತ್ತೋತು ಸ್ವಾಮಿ. ಎಲೆ ಪಕ್ಕ ಬುಡ್ಡಿ ಇಟ್ಟೋಳು ನಾನು. ಇನ್ನ ಒಂದೇ ಒಲೇಲಿ ಹೆಂಗೆ ಬೇಯಿಸ್ಕಂಡು ಉಣ್ಣಾನ ಹೇಳ್ರಿ?"

ಸಾಹೇಬರು ಆ ಕೈ ನೋಡಿದರು. ಎರಡು ಮನೆ ಎಂದು ಬರೆದುಕೊಳ್ಳಲು ಲೈನ್‌ಮನ್‌ಗೆ ಹೇಳಿ ಹೋದರು. ಬಲ್ಬು ಸಿಕ್ಕಿತು. ದೊಡ್ಡವ್ವ ಗೆದ್ದವಳ ಹಾಗೆ ಅವ್ವನ ಕಡೆ ತಿರುಗಿದಳು, ಹೇಗೆ ಹೇಳಿದೆ ನೋಡು ಅನ್ನುವ ಹಾಗೆ. ಅವ್ವ ಅವಳನ್ನು ನೋಡುತ್ತಿದ್ದ ರೀತಿ ನಾನು ಮರೆಯಲಾರೆ. ಆ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಈಗ ಬಂತು, ಅದೂ ದೊಡ್ಡವ್ವನ ಬಾಯಿಂದಲೇ, ಪರರ ಮುಂದೆ, ಒಂದು ಬಲ್ಬಿಗಾಗಿ. ಸುಳ್ಳು ಹೇಳಲು ಹೋಗಿ ನನ್ನ ದೊಡ್ಡವ್ವ ನಿಜ ಹೇಳಿಬಿಟ್ಟಿದ್ದಳು.

ವೈರು ಎಳೆದು ಬಲ್ಬು ಹಾಕಿದ ಸಂಜೆ ಹಿಂದಿನ ಕೋಣೆ ಪೂರ್ತಿ ಹಳದಿಯಾಯಿತು. ಮೂಲೆಮೂಲೆಯಲ್ಲಿ ಜೇಡನ ಬಲೆ, ಒರಳಿನ ಸುತ್ತ ಇನ್ನೂ ಕಪ್ಪಾಗಿ ಉಳಿದಿದ್ದ ನೆಲ, ಎಲ್ಲ ಕಂಡವು. ಅವ್ವ ಆ ಕಪ್ಪು ನೆಲದ ಪಕ್ಕದಲ್ಲೇ ಕೂತು ಎಲೆ ಹಚ್ಚತೊಡಗಿದಳು. ದೊಡ್ಡವ್ವ ಗುಡಾಣ ಸರಿಸಲು ಬಂದಾಗ ಅವ್ವ ಕೈಯಲ್ಲಿದ್ದ ಕಡ್ಡಿಯಿಂದ ತಲೆ ಎತ್ತದೆ ಹೇಳಿದಳು:

"ಇರ್ಲಿ ಬಿಡಕ್ಕ. ಹಾಲುಕ್ಕಿಸಿದ ಒಲೆ ಕೀಳಾಕೆ ಬರಲ್ಲ. ಅತ್ತೆ ಹೇಳ್ಯಾರಲ್ಲ."

ಅಜ್ಜಿ ಹಾಗೆ ಹೇಳಿದ್ದು ನಿಜ. ಶಾಸ್ತ್ರ ಮಾಡಿದ ಒಲೆಯನ್ನು ಜೀವ ಹೋದ ಮನೆಯಲ್ಲಿ ಮಾತ್ರ ಕೀಳುತ್ತಾರೆ ಎಂದು ಅವಳ ನಂಬಿಕೆ. ಆದರೆ ಅವ್ವ ಯಾವತ್ತೂ ಅಜ್ಜಿಯ ಮಾತಿಗೆ ಅಷ್ಟೊಂದು ಬೆಲೆ ಕೊಟ್ಟವಳಲ್ಲ. ದೇವರ ಪಟವನ್ನು ಬಲ್ಬಿನ ಕೆಳಗೆ ತೂಗುಹಾಕಿ, "ದೇವ್ರಿಗೂ ಇದೇ ಬೆಳಕು ಸಾಕು" ಎಂದು ಅಜ್ಜಿಯ ಎದೆ ಒಡೆದವಳು ಅವಳೇ. ಹಿಂದಿನ ಕೋಣೆಯಲ್ಲಿ ತನ್ನ ಒಲೆಯ ಮುಂದೆ ಒಬ್ಬಳೇ ಕೂತ ಮೇಲೆ ಅವಳಿಗೆ ಗೊತ್ತಾಗಿರಬೇಕು, ತನಗೆ ಬೇಕಾಗಿದ್ದದ್ದು ಬೆಳಕೊಂದೇ ಅಲ್ಲ ಎಂದು. ಆ ಅಂಗೈಗಳನ್ನು ದಿನಾ ನೋಡುತ್ತ ಒಂದೇ ಗಂಗಾಳಕ್ಕೆ ಕೈಹಾಕುವುದು ಅವಳಿಗೆ ಎಷ್ಟು ಕಷ್ಟವಾಗಿತ್ತೋ, ದೇವರಿಗೇ ಗೊತ್ತು.

ಒಂದು ಶುಕ್ರವಾರ ಮುಂಜಾನೆ ದೊಡ್ಡವ್ವನ ಒಲೆ ಹತ್ತಲಿಲ್ಲ. ಬೆಂಕಿಪೊಟ್ಟಣ ತಂಡಿ ಹಿಡಿದಿತ್ತು. ಮಡಕೆಯ ಚೂರು ಹಿಡಿದು ಓಣಿ ಸುತ್ತಿ ನಮ್ಮ ಕುಳ್ಳ ಬಾಗಿಲಿಗೆ ಬಂದು, "ನಾಗಿ, ಎರಡು ಕೆಂಡ ಹಾಕೇ" ಎಂದಳು. ಮನೆಯಿಂದ ಹೊರಗೆ ಶುಕ್ರವಾರ ಬೆಂಕಿ ಕೊಡುವುದಿಲ್ಲ, ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂದು ನಮ್ಮ ಕಡೆ ಪದ್ಧತಿ. ಆದರೆ ಅದು ಹೊರಗಿನವರಿಗೆ. ಒಂದೇ ಮನೆಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ಕೆಂಡ ಒಯ್ಯಲು ಯಾವ ವಾರದ ಅಡ್ಡಿಯೂ ಇಲ್ಲ.

"ಇವತ್ತು ಶುಕ್ರವಾರ," ಎಂದಳು ಅವ್ವ.

ದೊಡ್ಡವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮಡಕೆಯ ಚೂರನ್ನು ಹೊಸ್ತಿಲಿಗೆ ಅಪ್ಪಳಿಸಿದಳು. ಆ ದನಿ ಊರಿಗೆಲ್ಲ ಕೇಳಿರಬೇಕು.

"ನಾನು ಹೊರಗಿನೋಳಾ? ನಿಂಗೆ ಬೆಳಕು ತರಾಕೆ ನನ್ನ ಮಾನ ಬಿಚ್ಚಿಟ್ಟೆ ಕಣೇ, ನಾನು ಹೊರಗಿನೋಳಾ?"

"ನನ್ನ ಮಗನ್ನ ಸುಟ್ಟ ಕೈಗೆ ನನ್ನೊಲೆ ಬೆಂಕಿ ಕೊಡಲ್ಲ!"

ಓಣಿಯ ಹೆಂಗಸರು ಬಾಗಿಲಿಗೆ ಬಂದರು. ದೊಡ್ಡವ್ವ ಚೂರುಗಳನ್ನು ಅಲ್ಲೇ ಬಿಟ್ಟಳು. ಬಂದ ದಾರಿಯಲ್ಲೇ ಓಣಿ ಸುತ್ತಿಕೊಂಡು ಮುಂಬಾಗಿಲಿಗೆ ಹೋದಳು. ಅಂದಿನಿಂದ ನನಗೆ ಆ ಕಡೆ ಹೋಗಬಾರದೆಂದು ಕಟ್ಟಪ್ಪಣೆಯಾಯಿತು. ನನ್ನ ಹಾಸಿಗೆಯನ್ನು ಅವ್ವ ಹಿಂದಿನ ಕೋಣೆಗೆ ತಂದಳು. ಅವ್ವ ನನ್ನ ಹೆತ್ತವಳು, ಆದರೆ ಅವಳ ಮೈವಾಸನೆ ನನಗೆ ಹೊಸದು. ನಿದ್ದೆ ಬಾರದೆ ಗುಡಾಣದ ಕಡೆ ಹೊರಳಿದರೆ ಆಚೆ ಬದಿಯ ನೆಲದ ಮೇಲೆ ದೊಡ್ಡವ್ವ ಹೊರಳುವುದು ಕೇಳುತ್ತಿತ್ತು. ಅವಳೂ ತನ್ನ ಹಾಸಿಗೆಯನ್ನು ಆ ಬಾಗಿಲಿಗೇ ತಂದುಕೊಂಡಿದ್ದಳು. ಗುಡಾಣ ಮತ್ತು ಬಾಗಿಲುವಾಡದ ನಡುವೆ ಒಂದು ಸಂದಿಯಿತ್ತು. ಅಲ್ಲಿಂದ ಸುಟ್ಟ ಗೆಣಸಿನ ಚೂರೋ ಹುರಿಗಡಲೆಯೋ ಈಚೆ ಬರುತ್ತಿತ್ತು, ಬಿಚ್ಚಲಾರದ ಆ ಬೆರಳುಗಳ ತುದಿ ಕಾಣುತ್ತಿತ್ತು. ಅವ್ವ ನೋಡಿಯೂ ನೋಡದಂತೆ ಇದ್ದಳೋ, ನಿಜಕ್ಕೂ ನೋಡಲಿಲ್ಲವೋ ಗೊತ್ತಿಲ್ಲ.

ಬೇರೆಯಾಗಿ ಇಬ್ಬರೂ ಉದ್ಧಾರವಾಗಲಿಲ್ಲ. ಈ ಕಡೆ ಎಲೆ ಆರಿಸುವವರಿಲ್ಲದೆ ಅವ್ವ ಅರ್ಧ ಹೊತ್ತು ಅದರಲ್ಲೇ ಕಳೆಯುತ್ತಿದ್ದಳು. ಆ ಕಡೆ ದೊಡ್ಡವ್ವನ ಕೈಗೆ ಕೂಲಿ ಕೊಡುವವರೂ ಕಡಿಮೆಯಾದರು. ಅಜ್ಜಿ ಪಡಸಾಲೆಯಲ್ಲಿ ಕೂತು ಎರಡು ಒಲೆಯ ಹೊಗೆಯನ್ನೂ ಶಪಿಸುತ್ತ ಇದ್ದು, ಒಂದು ಬೇಸಿಗೆಯಲ್ಲಿ ಕಣ್ಣು ಮುಚ್ಚಿದಳು. ಆಗಲಾದರೂ ಸರಿಹೋಗಬಹುದೆಂದು ನಾನು ಆಸೆಪಟ್ಟೆ. ಏನೂ ಆಗಲಿಲ್ಲ, ಹೆಣದ ಎರಡು ಬದಿಯಲ್ಲಿ ಕೂತು ಅತ್ತರು, ಎದ್ದು ತಮ್ಮ ತಮ್ಮ ಬಾಗಿಲಿಗೆ ಹೋದರು. ನಾನು ಎರಡೂ ಕಡೆ ಹಸಿವಿಲ್ಲ ಎಂದು ಸುಳ್ಳು ಹೇಳುವುದನ್ನು ಕಲಿತೆ. ಯಾರ ಮುಖವನ್ನೂ ನೇರ ನೋಡದೆ ಅವರ ಮನಸ್ಸು ಅಳೆಯುವುದನ್ನು ಕಲಿತೆ. ನನ್ನ ಗಂಡ ಬದುಕಿದ್ದಷ್ಟು ಕಾಲ, ನಿನ್ನ ಹೊಟ್ಟೆಯಲ್ಲಿ ಏನಿದೆಯೋ ಹೇಳೇ ಎಂದು ಬೇಡುತ್ತಿದ್ದ. ಹೇಳಲು ಬಂದಿದ್ದರೆ ಹೇಳುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡವ್ವನಿಗೆ ಕಾಮಾಲೆ ಹತ್ತಿತು. ಕಣ್ಣು ಉಗುರು ಎಲ್ಲ ಹಳದಿ. ನಾಟಿ ಔಷಧ ಹಿಡಿಯಲಿಲ್ಲ, ಆಸ್ಪತ್ರೆಯಲ್ಲಿ ತಡವಾಯಿತು ಎಂದು ಮನೆಗೆ ಕಳಿಸಿದರು. ಅವ್ವ ದಿನಾ ಬೆಳಿಗ್ಗೆ ಗಂಜಿ ಕಾಸಿ ಗುಡಾಣದ ಮುಚ್ಚಳದ ಮೇಲಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಅದನ್ನು ಆಚೆ ದಾಟಿಸುವವಳು ನಾನು, ಈಗ ನನ್ನನ್ನು ಯಾರೂ ತಡೆಯುತ್ತಿರಲಿಲ್ಲ. ಕೊನೆಯ ಸಂಜೆ ದೊಡ್ಡವ್ವ ನನ್ನ ಮುಂಗೈ ಹಿಡಿದುಕೊಂಡಳು. ಆ ಗಟ್ಟಿ ದನಿ ಎಲ್ಲಿ ಹೋಗಿತ್ತೋ, ಅವಳ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಬೇಕಾಯಿತು.

"ರತ್ನಿ, ನಾಗೀನ ಕರಿಯೇ. ಒಂದೇ ಸಲ."

ನಾನು ಓಡಿದೆ. ಅವ್ವ ಎದ್ದಳು. ಓಣಿ ಸುತ್ತಿ, ಪಡಸಾಲೆ ದಾಟಿ, ನಡುಮನೆಯ ಬಾಗಿಲವರೆಗೂ ಬಂದಳು. ಒಳಗೆ ಹಾಸಿಗೆಯ ತಲೆದೆಸೆಯಲ್ಲಿ ಬುಡ್ಡಿ ಉರಿಯುತ್ತಿತ್ತು. ನಡುಮನೆಗೆ ಬಲ್ಬು ಇರಲಿಲ್ಲವಲ್ಲ! ಮುಂದೆ ಒಂದು, ಹಿಂದೆ ಒಂದು, ನಡುವೆ ಕತ್ತಲು. ಅವ್ವ ಬಾಗಿಲುವಾಡ ಹಿಡಿದು ನಿಂತಳು. ಅವಳ ಕಣ್ಣು ದೊಡ್ಡವ್ವನ ಮೇಲಲ್ಲ, ಬುಡ್ಡಿಯ ಮೇಲಿತ್ತು. ತಿರುಗಿ ಹೋಗಿಬಿಟ್ಟಳು. ಮಲಗಿದ್ದ ದೊಡ್ಡವ್ವ ಬುಡ್ಡಿಯ ಕಡೆ ತಲೆ ಹೊರಳಿಸಿ ದೊಡ್ಡಪ್ಪನಿಗೆ ಹೇಳಿದಳು:

"ಬುಡ್ಡಿ ಆರಿಸಿಬಿಡ್ರಿ. ಬೆಂಕಿ ಇದ್ರೆ ಅವ್ಳು ಬರಾಕೆ ಆಗಲ್ಲ."

ದೊಡ್ಡಪ್ಪ ಊದಿ ಆರಿಸಿದ. ಅವಳು ಕತ್ತಲಲ್ಲಿ ಕಾಯುತ್ತ ಮಲಗಿದಳು. ನಾನು ಓಡಿ ಹೋಗಿ ಅವ್ವನಿಗೆ ಹೇಳಿದೆ, ಬುಡ್ಡಿ ಆರಿಸ್ಯಾರೆ ಬಾರೇ ಎಂದು ಅಳುತ್ತ ಅವಳ ಸೆರಗು ಜಗ್ಗಿದೆ. ಅವ್ವ ಬಲ್ಬಿನ ಕೆಳಗೆ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದಳು. ಬೆಳಗಾಗಲಿ, ಬೆಳಕು ಹರಿದ ಕೂಡಲೇ ಹೋಗುತ್ತೇನೆ ಎಂದಳು. ಬೆಳಗು ಹರಿಯುವಷ್ಟರಲ್ಲಿ ದೊಡ್ಡವ್ವ ಇರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಂದವರಿಗೆ, ಇದ್ದವರಿಗೆ ಪಕ್ಕದ ಮನೆಯವರು ಬೇಯಿಸಿ ತರಬೇಕು. ಅವ್ವ ಅಷ್ಟು ಹೊತ್ತಿಗೇ ಗಂಜಿಗೆಂದು ಒಲೆ ಹಚ್ಚಿದ್ದಳು, ದಿನದ ರೂಢಿ. ಓಣಿಯ ಹೆಂಗಸೊಬ್ಬಳು ಕುಳ್ಳ ಬಾಗಿಲಲ್ಲಿ ಬಗ್ಗಿ ನೋಡಿ ಒಳ್ಳೆಯ ಮನಸ್ಸಿಂದಲೇ ಹೇಳಿದಳು:

"ನಿನ್ನೊಲೆ ಬ್ಯಾರೆ ಐತಲ್ಲ ನಾಗಮ್ಮ, ನಿಂಗೇನು ಅಡ್ಡಿ ಇಲ್ಲ. ನೀನೇ ಒಂದು ಪಾತ್ರೆ ಅನ್ನ ಇಟ್ಟುಬಿಡು, ಆ ಮನೆಯೋರಿಗೆ ಆಗ್ತೈತೆ."

ಅವ್ವ ಅವಳ ಮುಖ ನೋಡಿದಳು. ಮೂಲೆಯ ಕೊಡ ಎತ್ತಿ, ಇದ್ದ ನೀರನ್ನೆಲ್ಲ ಉರಿಯುವ ಒಲೆಗೆ ಸುರಿದಳು. ಕೋಣೆಯ ತುಂಬ ಹೊಗೆ, ಬೂದಿ.

"ಯಾವ ಮನೆಯೋರಿಗೆ? ಇದು ಯಾವ ಮನೆ ಅನ್ಕಂಡೀಯ? ಸತ್ತಿರಾದು ನಮ್ಮ ಮನೇಲಿ!"

ಹಸಿ ಬೂದಿಯಲ್ಲಿ ಕೂತು ಬಿಸಿಯಾಗಿದ್ದ ಕಲ್ಲುಗಳನ್ನು ಬರಿಗೈಯಲ್ಲಿ ಅಲುಗಾಡಿಸಿ ಅಲುಗಾಡಿಸಿ ಕಿತ್ತಳು. ಅಪ್ಪ ಬಂದು ಹಿಡಿಯಲು ಹೋದರೆ ಕೊಡವಿದಳು. ಆಮೇಲೆ ಗುಡಾಣಕ್ಕೆ ಹೆಗಲು ಕೊಟ್ಟಳು. ಅಪ್ಪನೂ ಕೈಹಾಕಿದ, ಅದು ಸರಿಯಿತು. ಬಾಗಿಲಾಚೆ ದೊಡ್ಡವ್ವನ ಹಾಸಿಗೆ, ಅವಳ ತಲೆ ಇದ್ದ ಜಾಗ ನಮ್ಮ ಗುಡಾಣದಿಂದ ಒಂದು ಗೇಣು. ಅವ್ವ ಅಲ್ಲೇ ಕುಸಿದಳು.

ಮಣ್ಣು ಮಾಡಿ ಬಂದ ಸಂಜೆ, ದೇಹ ಇದ್ದ ಜಾಗದಲ್ಲಿ ದೀಪ ಇಡಬೇಕು. ಎಣ್ಣೆದೀಪವೇ ಆಗಬೇಕು, ಅದಕ್ಕೆ ಬಲ್ಬು ನಡೆಯುವುದಿಲ್ಲ. ನೆಂಟರ ಹೆಂಗಸರು ಹಣತೆಗೆ ಬತ್ತಿ ಹೊಸೆದು, ಯಾರು ಹಚ್ಚುತ್ತೀರಿ ಎಂದು ಸುತ್ತ ನೋಡಿದರು. ಮಕ್ಕಳಿಲ್ಲದವಳು. ನಾನು ಮುಂದೆ ಹೋದೆ. ಅವ್ವ ನನ್ನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು. ಕಡ್ಡಿ ಗೀರಿದಳು, ಆರಿತು, ಮತ್ತೆ ಗೀರಿದಳು. ಅಂಗೈಯೆಲ್ಲ ಬೊಬ್ಬೆ ಎದ್ದಿತ್ತು. ಯಾರೋ ಸಹಾಯಕ್ಕೆ ಬಂದರು, ಬೇಡ ಎಂದು ತಲೆ ಅಲ್ಲಾಡಿಸಿದಳು. ಕೊನೆಗೆ ಬತ್ತಿ ಹತ್ತಿತು. ಗಾಳಿಗೆ ಆರದಂತೆ ಎರಡೂ ಕೈ ಅಡ್ಡ ಹಿಡಿದು, ಆ ಬೆರಳುದ್ದದ ಉರಿಯ ಮುಂದೆ ಕಣ್ಣು ಕದಲಿಸದೆ ಕೂತಳು.

"ಅಕ್ಕ, ದೀಪ ಹಚ್ಚೀನಿ. ಕತ್ತಲಾಗೆ ಇರಬ್ಯಾಡ."

ಹಿಂದಿನ ಕೋಣೆಯಲ್ಲಿ ಬಲ್ಬು ಉರಿಯುತ್ತಲೇ ಇತ್ತು. ಆರಿಸಲು ನಾವ್ಯಾರೂ ಏಳಲಿಲ್ಲ.